ಉಣ್ಣೆ, ಅಗಸೆ, ಬುಧವಾರ

“ಮಝಲ್ ತೋವ್, ಶುಭವಾಗಲಿ! ಮದುವೆ ಯಾವತ್ತು?” ಸೂಟು ಹಿಡಿದು ಬಂದವನನ್ನು ತಲೆಯೆತ್ತದೆಯೇ ಕೇಳಿದಳು ಹದಸ್ಸಾ.

“ಮುಂದಿನ ವಾರ, ಗುರುವಾರ.”

“ವಧು ಎಲ್ಲಿಯವರು?”

“ನಮ್ಮನೆಯವಳೇ. ನನ್ನ ಮಗಳು.”

ಅಂಗಡಿಯ ಮುಂಭಾಗದಲ್ಲಿ ಗುಂಡಿ, ದಾರ ಮಾರುತ್ತ ಕೂತಿದ್ದ ಫ್ರೂಮಾ ಅಜ್ಜಿ ಕಿಸಕ್ಕನೆ ನಕ್ಕಳು. “ಮುಖ ನೋಡಿ ಮಾತಾಡೇ ಹುಡುಗಿ! ಗಡ್ಡ ಅರ್ಧ ಬೆಳ್ಳಗಾಗಿದೆ, ಅವನನ್ನ ಮದುಮಗ ಮಾಡ್ತೀಯಲ್ಲ.”

ಹದಸ್ಸಾ ಆಗ ನೋಡಿದಳು. ನಲವತ್ತೈದರ ಆಸುಪಾಸಿನ ಎತ್ತರದ ಮನುಷ್ಯ. ಉಗುರಿನ ಸಂದಿಯಲ್ಲಿ ಗ್ರೀಸು. ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಎಂಟು ವರ್ಷಗಳಿಂದ ಯಾವುದೂ ಆಗುತ್ತಿರಲಿಲ್ಲ.

ಅವನ ಹೆಸರು ಪಿನ್ಹಾಸ್. ಫ್ರಿಜ್ ರಿಪೇರಿ ಅವನ ಕೆಲಸ. ಪರಸ್ತ್ರೀಯ ಕೈಗೆ ನೇರ ಕೊಡಬಾರದೆಂಬ ಪದ್ಧತಿಯಂತೆ ಸೂಟನ್ನು ಮೇಜಿನ ಮೇಲಿಟ್ಟ.

“ಇದು ನನ್ನ ಮದುವೆಯದೇ. ಇಪ್ಪತ್ತೆರಡು ವರ್ಷ ಆಯ್ತು. ಮಾವನವರು ತಂದುಕೊಟ್ಟಿದ್ದು. ಪರೀಕ್ಷೆ ಮಾಡಿಸಿದಾರಾ ಅಂತ ಆಗ ಯಾರೂ ಕೇಳಲಿಲ್ಲ. ಈಗ ಮಗಳು ಕೇಳ್ತಿದಾಳೆ. ಹೇಳೋಕೆ ಮಾವನವರೂ ಇಲ್ಲ, ಅವಳ ಅಮ್ಮನೂ ಇಲ್ಲ.”

“ಶುಕ್ರವಾರ ಬನ್ನಿ,” ಎಂದಳು ಹದಸ್ಸಾ.

ಉಣ್ಣೆಯನ್ನೂ ಅಗಸೆಯ ನಾರನ್ನೂ ಒಂದೇ ಉಡುಪಿನಲ್ಲಿ ಸೇರಿಸಿ ತೊಡಬಾರದು ಎಂಬುದು ಯೆಹೂದಿಗಳ ಧರ್ಮಗ್ರಂಥ ತೋರಾದ ಆಜ್ಞೆ. ಯಾಕೆ ಎಂದು ಅಲ್ಲಿ ಬರೆದಿಲ್ಲ. ಇಸ್ರೇಲಿನ ಈ ಮಡಿವಂತ ಊರು ಬ್ನೈ ಬ್ರಾಕಿನ ಜನ ಯಾಕೆ ಎಂದು ಕೇಳುವುದೂ ಇಲ್ಲ. ಸೂಟು ಕೊಂಡರೆ ನೇರ ಹದಸ್ಸಾಳ ಬಳಿ ತರುತ್ತಾರೆ. ಅವಳು ಹೊಲಿಗೆ ಬಿಚ್ಚಿ, ಎಳೆ ಕಿತ್ತು, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾಳೆ. ಉಣ್ಣೆಯ ಎಳೆಗೆ ಮೀನಿನಂತೆ ಪೊರೆ. ಅಗಸೆಯ ನಾರಿಗೆ ಬಿದಿರಿನಂತೆ ಗಣ್ಣು.

ಗಂಡನೊಂದಿಗೆ ಹತ್ತು ವರ್ಷ ಬಾಳಿ, ಮಕ್ಕಳಾಗದೆ, ಅವನು ಬಿಡುಗಡೆಯ ಪತ್ರ ಕೊಟ್ಟು ಹೋದ ಮೇಲೆ ಅವಳು ಈ ಕೆಲಸ ಕಲಿತದ್ದು. ಬೆಳಿಗ್ಗೆ ಏಳುವಳು, ಕೈ ತೊಳೆದು ಮಂತ್ರ ಹೇಳುವಳು, ತಿನ್ನುವಳು, ಅಂಗಡಿಗೆ ಬರುವಳು. ಒಂದು ನೇಮವೂ ತಪ್ಪುತ್ತಿರಲಿಲ್ಲ. ಒಂದರಲ್ಲೂ ಅವಳು ಇರುತ್ತಿರಲಿಲ್ಲ.

ಪಿನ್ಹಾಸನ ಸೂಟಿನ ಕಾಲರು ಬಿಚ್ಚಿದಳು. ಕಾಲರು ಬಿಗಿಯಾಗಿ ನಿಲ್ಲಲೆಂದು ಒಳಗಿಟ್ಟ ಬಕ್ರಂ ಬಟ್ಟೆಯಿಂದ ಒಂದು ಎಳೆ ತೆಗೆದು ನೋಡಿದಳು. ಗಣ್ಣುಗಳು ಸಾಲಾಗಿ ಕಂಡವು.

ಶುಕ್ರವಾರ ಬಂದಾಗ ಅವನಿಗೆ ಇದ್ದದ್ದನ್ನು ಹೇಳಿದಳು. “ಕಾಲರಿನೊಳಗೆ ಅಗಸೆ ಇದೆ. ಹೊರಗೆಲ್ಲ ಉಣ್ಣೆ. ತೆಗೆದು ಹತ್ತಿ ಬಟ್ಟೆ ಹಾಕಿಕೊಡ್ತೀನಿ, ಬುಧವಾರದೊಳಗೆ ಸಿಗುತ್ತೆ.”

ಅವನು ಅಲುಗಾಡದೆ ನಿಂತ. “ಇಪ್ಪತ್ತೆರಡು ವರ್ಷ. ಪ್ರತಿ ಶನಿವಾರ ಶಬ್ಬತ್ತಿಗೆ ಇದನ್ನೇ ಹಾಕಿದೀನಿ.”

“ನಿಮಗೆ ಗೊತ್ತಿರಲಿಲ್ಲ.”

“ಮದುವೆ ಮಂಟಪದಲ್ಲೂ ಇದೇ.” ಹವಾಮಾನ ವಿಚಾರಿಸುವವನ ದನಿಯಲ್ಲಿ ಕೇಳಿದ, “ನನ್ನ ಹೆಂಡತಿ ಮಿಖಲ್ ತೀರಿಹೋಗಿದ್ದು ಅದಕ್ಕೇನಾ?”

ಹದಸ್ಸಾ ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟೇ ಹೋಗಿದ್ದ. ಸೂಟು ಮೇಜಿನ ಮೇಲೆಯೇ ಇತ್ತು.

“ಹೇಳಬಾರದಿತ್ತೇನೋ,” ಎಂದಳು ಅಜ್ಜಿಗೆ.

“ಹೇಳದೆ ಇರೋಕೆ ನಿನಗೆ ಹಕ್ಕಿಲ್ಲ,” ಎಂದಳು ಫ್ರೂಮಾ. “ಆದರೆ ಅಷ್ಟಕ್ಕೇ ನಿಲ್ಲಿಸೋ ಹಕ್ಕೂ ಇಲ್ಲ ಕಣೇ.”

ಆ ಶಬ್ಬತ್ ಹದಸ್ಸಾ ಊಟ ಮಾಡಿದಳು, ಮಲಗಿದಳು, ಎದ್ದಳು. ಪಿನ್ಹಾಸನ ಆ ದನಿ ಮಾತ್ರ ಕಿವಿಯಿಂದ ಹೋಗಲಿಲ್ಲ. ಅದು ಅವಳಿಗೆ ಗುರುತಿನ ದನಿ. ಅಳು ಬತ್ತಿದವರು ಮಾತಾಡುವುದೇ ಹಾಗೆ.

ಭಾನುವಾರ ಫೋನ್ ಮಾಡಿದಳು.

“ಸೂಟು ಬೇಡ,” ಎಂದ ಅವನು. “ಮಗಳು ಹೊಸದು ತಂದುಕೊಡ್ತಾಳಂತೆ.”

“ಸೂಟಿನ ವಿಷಯ ಅಲ್ಲ. ಒಂದು ನಿಮಿಷ ಕೇಳಿಸಿಕೊಳ್ಳಿ, ಆಮೇಲೆ ಬೇಕಾದರೆ ಇಡಿ.” ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದಿದ್ದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. “ಗಂಡ ನನ್ನ ಬಿಟ್ಟಾಗ ನಾನೂ ಹುಡುಕಿದೆ. ಬಾಗಿಲ ಕಂಬದಲ್ಲಿರೋ, ದೇವರ ವಾಕ್ಯ ಬರೆದ ಚರ್ಮದ ಚೀಟಿಗಳನ್ನೆಲ್ಲ ತೆಗೆಸಿ, ಲಿಪಿಕಾರನ ಹತ್ರ ಒಯ್ದು ಓದಿಸಿದೆ. ಯಾವುದಾದರೂ ಅಕ್ಷರ ಅಳಿಸಿರಬೇಕು, ಅದಕ್ಕೇ ಹೀಗಾಯ್ತು ಅಂತ. ಏಳು ಬಾಗಿಲು, ಏಳು ಚೀಟಿ. ಒಂದಕ್ಷರ ತಪ್ಪಿರಲಿಲ್ಲ. ತಪ್ಪು ಸಿಕ್ಕಿದ್ದರೆ ಅವತ್ತು ಕುಣಿದುಬಿಡ್ತಿದ್ದೆ.”

ಅವನು ಫೋನ್ ಇಡಲಿಲ್ಲ. ಅವಳು ಮುಂದುವರಿಸಿದಳು.

“ನಿಮಗೆ ತಪ್ಪು ಸಿಕ್ಕಿಬಿಟ್ಟಿದೆ. ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿದೀರಿ. ಈ ಆಜ್ಞೆಗೆ ಕಾರಣ ಕೊಟ್ಟಿಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ತನ್ನ ಆಜ್ಞೆಗೇ ಕಾರಣ ಹೇಳದವನು, ನಿಮ್ಮ ಹೆಂಡತಿ ಸಾವಿಗೆ ಮಾತ್ರ ಕಾರಣ ಬರೆದು ನನ್ನ ಮೈಕ್ರೊಸ್ಕೋಪಿನ ಕೆಳಗೆ ಇಟ್ಟುಹೋದನಾ?”

ಅವನೆಂದ, “ಅವಳಿಗೆ ರಕ್ತದ ಕಾಯಿಲೆ ಇತ್ತು.”

“ಹೌದಾ.”

“ಬುಧವಾರ ಬರ್ತೀನಿ.”

ಬಂದ. ಬಾಗಿಲು ತೆರೆದೇ ಇತ್ತು, ಫ್ರೂಮಾ ಅಜ್ಜಿ ಅಲ್ಲೇ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದಳು. ಪಿನ್ಹಾಸ್ ಕನ್ನಡಿಯ ಮುಂದೆ ಸೂಟು ತೊಟ್ಟು ಕಾಲರು ಮುಟ್ಟಿಕೊಂಡ. ಕನ್ನಡಿಯೊಳಗೆ ಒಂದು ಕ್ಷಣ ಅವನ ಕಣ್ಣು ಅವಳ ಕಣ್ಣಿಗೆ ತಾಗಿತು. ಇಬ್ಬರೂ ಒಟ್ಟಿಗೇ ಬೇರೆಡೆ ನೋಡಿದರು. ಅವನು ಚಾವಣಿಯನ್ನು, ಅವಳು ಕತ್ತರಿಯನ್ನು.

“ಮೊದಲಿಗಿಂತ ಮೆತ್ತಗಿದೆ,” ಎಂದ.

“ಹತ್ತಿ ಹಾಗೇ.”

ಮಗಳ ಮದುವೆ ಮುಗಿಯಿತು. ಅದರ ಮುಂದಿನ ಬುಧವಾರ ಅವನು ಒಂದು ಮಫ್ಲರ್ ತಂದ. ಬರೀ ಉಣ್ಣೆ. ಅದರ ಮುಂದಿನ ಬುಧವಾರ ಒಂದು ಕೋಟು. ಅದಕ್ಕೆ ಆಗಲೇ ಪರೀಕ್ಷೆಯ ಚೀಟಿ ಹೊಲಿದಿತ್ತು. ಮೂರನೆಯ ಸಲ ಒಂದು ಜೊತೆ ಕಾಲುಚೀಲ ಮೇಜಿನ ಮೇಲಿಟ್ಟ.

ಹದಸ್ಸಾ ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಇದು ನೈಲಾನು.”

“ಖಂಡಿತಾನಾ?”

“ಪ್ಯಾಕೆಟ್ ಮೇಲೇ ಬರೆದಿದೆ.”

“ಬರೆದಿದ್ದೆಲ್ಲ ನಂಬಬಾರದು ಅಂತ ನೀವೇ ಗಿರಾಕಿಗಳಿಗೆ ಹೇಳ್ತೀರಲ್ಲ.”

“ಅಯ್ಯೋ ದೇವರೇ!” ಎಂದು ಅಜ್ಜಿ ಗುಂಡಿಯ ಡಬ್ಬಿ ಮುಚ್ಚಿದಳು. “ಮುಂದಿನ ವಾರ ಇವನು ಮನೆಯ ಪರದೆ ಕಿತ್ತು ತರ್ತಾನೆ. ಲೋ ಪಿನ್ಹಾಸ್, ಹೇಳೋದಿದ್ದರೆ ಹೇಳು. ನಾನು ಕಿವುಡಿ ಅಂದ್ಕೋ.”

ಅವನ ಕಿವಿ ಕೆಂಪಾಯಿತು. ಅಷ್ಟು ದೊಡ್ಡ ಮನುಷ್ಯನ ಕಿವಿ ಹಾಗೆ ಕೆಂಪಾಗುವುದನ್ನು ಹದಸ್ಸಾ ಅಚ್ಚರಿಯಿಂದ, ಆದರೆ ದೂರದಿಂದ ನೋಡುವವಳಂತೆ ನೋಡಿದಳು.

“ನನಗೆ ಸುಳ್ಳು ಹೇಳೋಕೆ ಬರಲ್ಲ,” ಎಂದ ಅವನು ಕಾಲುಚೀಲಗಳಿಗೆ. “ಮಿಖಲ್ ಹೋದ ಮೇಲೆ, ಮೂರು ವರ್ಷದಿಂದ ಒಳಗೆ ಏನೂ ಏಳ್ತಿಲ್ಲ. ಮಗಳ ಮದುವೇಲಿ ಕುಣಿದೆ, ಕಾಲು ಕುಣಿದವು ಅಷ್ಟೆ. ಆದರೆ ಬುಧವಾರ ಬಂದರೆ ಅದೇ ಕಾಲು ಈ ಕಡೆ ನಡೀತವೆ. ಇದಕ್ಕೆ ಏನು ಹೆಸರೋ ಗೊತ್ತಿಲ್ಲ.”

“ನನಗೂ ಏನೂ ಆಗಲ್ಲ,” ಎಂದಳು ಅವಳು. “ನೀವು ಬರ್ತೀರಿ ಅಂತ ಗೊತ್ತಿರುತ್ತೆ. ಬಂದಾಗ ಸಂತೋಷ ಆಗಲ್ಲ. ಹೋದಾಗ ಮಾತ್ರ ಅಂಗಡಿ ದೊಡ್ಡದಾಗಿ ಕಾಣುತ್ತೆ.”

“ನಿಮ್ಮ ಈ ಕೆಲಸದ ಆಜ್ಞೆ ಇದೆಯಲ್ಲ, ತೋರಾದಲ್ಲಿ ಅದರ ಹಿಂದಿನ ಸಾಲು ಏನು ಅಂತ ನೆನಪಿದೆಯಾ?”

ನೆನಪಿತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಅದು ಮುಗಿದ ಕೂಡಲೇ, ಉಸಿರು ಬಿಡುವಷ್ಟೂ ಸಮಯ ಕೊಡದೆ, ಪಶು ಬೆರೆಸಬೇಡ, ಬೀಜ ಬೆರೆಸಬೇಡ, ಬಟ್ಟೆ ಬೆರೆಸಬೇಡ ಎಂಬ ಮಾತು.

“ದೇವರು ಎರಡನ್ನೂ ಅಕ್ಕಪಕ್ಕ ಇಟ್ಟಿದಾನೆ,” ಎಂದ ಪಿನ್ಹಾಸ್. “ಎರಡನ್ನೂ ಮಾಡು ಅಂತಲೇ ಹೇಳಿದಾನೆ. ಮೊದಲು ಅನ್ನಿಸಲಿ, ಆಮೇಲೆ ಮಾಡು ಅಂತ ಹೇಳಿಲ್ಲ. ಬಕ್ರಂ ಕೀಳೋ ಹಾಗೆ, ಪ್ರೀತೀನೂ ದಿನಾ ಸ್ವಲ್ಪ ಸ್ವಲ್ಪ ಮಾಡಬಹುದು ಅನ್ಸುತ್ತೆ. ನಿಮಗೆ ಒಪ್ಪಿಗೆ ಇದ್ದರೆ.”

ಹದಸ್ಸಾ ಕಾಲುಚೀಲ ಮಡಚಿ ಪ್ಯಾಕೆಟ್ಟಿಗೆ ಹಾಕಿದಳು. “ನನಗೆ ಮಕ್ಕಳಾಗಲ್ಲ.”

“ನನಗೆ ಒಬ್ಬಳಿದಾಳೆ. ಅವಳೇ ನನ್ನ ಬೈದು ಬೈದು ಕಳಿಸ್ತಿರೋದು.”

“ನಾನು ಅಡುಗೇನೂ ಚೆನ್ನಾಗಿ ಮಾಡಲ್ಲ.”

“ಫ್ರಿಜ್ ಅಂತೂ ಕೆಡಲ್ಲ.”

ಅಜ್ಜಿ ಕಿವುಡಿಯಾಗಿದ್ದದ್ದು ಅಲ್ಲಿಯವರೆಗೆ ಮಾತ್ರ. ಎದ್ದು ನಿಂತು ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಶರತ್ಕಾಲದ ಸುಕ್ಕೋತ್ ಹಬ್ಬ ಕಳೆದ ಮೇಲೆ, ಇಪ್ಪತ್ತು ಜನರೆದುರು ಇಬ್ಬರ ಮದುವೆಯಾಯಿತು. ಎಲ್ಲರೂ ಹಾಡಿದರು. ಹದಸ್ಸಾ ಎಲ್ಲರಿಗೂ ಕೇಕು ಹಂಚಿದಳು. ಒಳಗೆ ಹಿಂದಿನಷ್ಟೇ ನಿಶ್ಶಬ್ದ. ಅವನು ಬೆಳಿಗ್ಗೆ ಚಹಾ ಮಾಡುತ್ತಿದ್ದ. ಅವಳು ಅವನ ಊಟದ ಡಬ್ಬಿ ಕಟ್ಟುತ್ತಿದ್ದಳು. ಅವಳಿಗೆ ನೆಗಡಿಯಾದಾಗ ಅವನು ರುಚಿಯಿಲ್ಲದ ಸೂಪು ಮಾಡಿದ, ಅವಳು ಕುಡಿದಳು. ಹೀಗೇ ಐದು ತಿಂಗಳು ಹೋಯಿತು.

ಒಂದು ಶುಕ್ರವಾರ ಅಶ್ದೋದ್ ಪಟ್ಟಣಕ್ಕೆ ಕೆಲಸಕ್ಕೆ ಹೋದವನು ಮೂರಕ್ಕೆ ಬರಬೇಕಿತ್ತು, ಬರಲಿಲ್ಲ. ಫೋನು ಸ್ವಿಚ್ ಆಫ್. ನಾಲ್ಕಾಯಿತು. ಸೂರ್ಯ ಮುಳುಗಿದರೆ ಶಬ್ಬತ್, ಆಮೇಲೆ ವಾಹನ, ಫೋನು ಮುಟ್ಟುವಂತಿಲ್ಲ; ಬೀದಿಯಲ್ಲಿ ಕಾರುಗಳು ಕಡಿಮೆಯಾದವು, ಅಂಗಡಿಗಳ ಬಾಗಿಲು ಬಿದ್ದವು. ಹದಸ್ಸಾ ಬಾಲ್ಕನಿಗೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಒಲೆಯ ಮೇಲಿನ ಅನ್ನ ತಳ ಹಿಡಿದ ವಾಸನೆ ಮೂಗಿಗೆ ಬಂದರೂ ತಿಳಿಯಲಿಲ್ಲ. ಶಬ್ಬತ್ ಶುರುವಾಯಿತೆಂದು ಸಾರುವ ಸೈರನ್ ಕೂಗುವುದಕ್ಕೆ ಹತ್ತು ನಿಮಿಷವಿದ್ದಾಗ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿತು.

“ವ್ಯಾನು ಕೆಟ್ಟುಹೋಯ್ತು, ಫೋನಲ್ಲಿ ಚಾರ್ಜ್...”

“ಎಲ್ಲಿ ಸತ್ತಿದ್ದೆ ನೀನು?” ಅವಳು ಎಷ್ಟು ಜೋರಾಗಿ ಕಿರುಚಿದಳೆಂದರೆ ಎದುರು ಮನೆಯ ಬಾಗಿಲು ತೆರೆದುಕೊಂಡಿತು. “ಬೇರೆಯವರ ಫೋನಿಂದ ಒಂದು ಕರೆ ಮಾಡೋಕೆ ಆಗಲಿಲ್ವಾ? ರಸ್ತೇಲಿ ಎಲ್ಲಿ ಬಿದ್ದಿದಾನೋ ಅಂತ ನಾನಿಲ್ಲಿ... ನಾನಿಲ್ಲಿ...”

ಕೆನ್ನೆ ಬಿಸಿಯಾಗಿತ್ತು, ಒದ್ದೆಯಾಗಿತ್ತು. ಅವಳು ಬೆರಳಿನಿಂದ ಮುಟ್ಟಿ, ಯಾರದೋ ಕಣ್ಣೀರೆಂಬಂತೆ ಬೆರಳನ್ನೇ ನೋಡಿದಳು.

ಪಿನ್ಹಾಸ್ ಎಣ್ಣೆ ಮೆತ್ತಿದ ಅಂಗಿಯಲ್ಲೇ ಹೊಸಿಲಲ್ಲಿ ನಿಂತಿದ್ದ. ಅವನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು.

“ಇನ್ನೊಂದು ಸಲ ಬೈ,” ಎಂದ.

“ಹೋಗಿ ಸ್ನಾನ ಮಾಡು! ಐದು ನಿಮಿಷ ಇದೆ!”

ಅವನು ನಗುತ್ತ ಓಡಿದ. ಬಚ್ಚಲಲ್ಲಿ ನೀರು ಬಿಟ್ಟ ಸದ್ದಿನೊಂದಿಗೆ ಅವನು ಬಿಕ್ಕುವುದೂ ಕೇಳಿತು. ಹದಸ್ಸಾ ಶಬ್ಬತ್ತಿಗೆಂದು ಎರಡು ಮೇಣದಬತ್ತಿ ಹಚ್ಚಿದಳು. ಮೊದಲ ಕಡ್ಡಿ ಆರಿಹೋಯಿತು, ಎರಡನೆಯದರಲ್ಲಿ ಹತ್ತಿಕೊಂಡವು. ಅಂಗೈಗಳಿಂದ ಕಣ್ಣು ಮುಚ್ಚಿ ಮಂತ್ರ ಹೇಳಿದಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ. ಅಳಬೇಕಾದದ್ದು ಇನ್ನೂ ಬಹಳವಿತ್ತು.