ಕೈಯಾರೆ ಹಚ್ಚಿದ ಹುಲ್ಲು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಒಂದು ತಾಸು. ಅಷ್ಟರಲ್ಲಿ ವಿಜಯಶ್ರೀ ಅಂಬರೀಷನನ್ನು ಮನಸ್ಸಿನಲ್ಲೇ ಹನ್ನೆರಡು ಸಲ ಬೈದಳು. ರಾಜೇಶ್ವರ ದಾಟುವ ಹೊತ್ತಿಗೆ ಬೈಗುಳ ಮುಗಿದವು, ಸಿಟ್ಟು ಮುಗಿಯಲಿಲ್ಲ.

ಬಾಗಿಲು ತೆರೆದವಳು ಅವನ ತಾಯಿ ಕಮಳಾಬಾಯಿ. "ಬಾರವ್ವಾ. ಮಾರಿ ಯಾಕ ಹಿಂಗ ಕೆಂಪಾಗ್ಯಾದ?"

"ಬಿಸಲ್ರಿ," ಎಂದವಳೇ ಒಳಗೆ ನುಗ್ಗಿದಳು.

ಅಂಬರೀಷ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಅವಳನ್ನು ಕಂಡದ್ದೇ ನಕ್ಕ, ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. ಮೂರು ವರ್ಷದಿಂದ ವಿಡಿಯೋ ಕಾಲ್‌ನಲ್ಲಿ ಆ ಗುಳಿ ನೋಡಲೆಂದೇ ಅವಳು ಇಲ್ಲದ ಡೌಟುಗಳನ್ನು ಹುಟ್ಟಿಸಿಕೊಂಡಿದ್ದುಂಟು. ಇವತ್ತು ಅದಕ್ಕೊಂದು ಗುದ್ದು ಕೊಡಬೇಕೆನಿಸಿತು.

"ಮೊದಲನೇ ದಿನದ ಫೈಲ್ ತೆಗೀರಿ."

ಬಹುವಚನ ಕೇಳಿ ಅವನ ನಗು ಆರಿಹೋಯಿತು.

ವಿಜಯಶ್ರೀಯ ಪಿಎಚ್‌ಡಿ ಸಹಾರಾ ಮರುಭೂಮಿಯ ಮೇಲೆ. ಆರು ಸಾವಿರ ವರ್ಷದ ಹಿಂದೆ ಅಲ್ಲಿ ಮಳೆಯಿತ್ತು, ಕೆರೆಗಳಿದ್ದವು, ಹುಲ್ಲಿತ್ತು. ಆ ಕಾಲದ ಬಿಸಿಲನ್ನು ಕಂಪ್ಯೂಟರಿನ ಹವಾಮಾನ ಮಾದರಿಗೆ ಕೊಟ್ಟು, ಬರಿ ಮರಳಿನಿಂದ ಶುರುಮಾಡಿದರೆ ಮಳೆ ತಾನಾಗಿ ಬಂದು ಹುಲ್ಲು ತಾನಾಗಿ ಬೆಳೆಯುತ್ತದೆಯೇ? ಇದೇ ಅವಳ ಪ್ರಶ್ನೆ. ಮಾದರಿಯನ್ನು ಓಡಿಸುವ ಕೆಲಸ ಅವಳ ಗೈಡ್ ನೇಮಿಸಿಕೊಂಡಿದ್ದ ಅಂಬರೀಷನದು. ಪೂರಾ ಹಸಿರಾಯಿತು ಎಂದು ಅವನೇ ಹೇಳಿದ್ದ. ಸೋಮವಾರ ಪ್ರಬಂಧ ಸಲ್ಲಿಸಬೇಕು. ಇವತ್ತು ಶನಿವಾರ. ಬೆಳಿಗ್ಗೆ ಕೊನೆಯದಾಗಿ ತಾಳೆ ನೋಡುವಾಗ ಅವಳು ಮಾದರಿಯ ಮೊದಲನೇ ದಿನದ ಫೈಲ್ ತೆರೆದಿದ್ದಳು.

"ನೋಡ್ರಿ," ಅವನು ಫೈಲ್ ತೆಗೆದದ್ದೇ ಅವಳು ಪರದೆಗೆ ಬೆರಳು ಬಡಿದಳು. "ಒಂದು ಹನಿ ಮಳಿ ಬಿದ್ದಿಲ್ಲ, ಹುಲ್ಲು ಆಗಲೇ ನಿಂತದ. ಯಾರು ಹಚ್ಚಿದ್ರು ಇದನ್ನ?"

"ನಾನ."

"ಯಾಕ?"

"ನಾಲ್ಕು ಸಲ ಮರಳಿನಿಂದ ಓಡಿಸಿದೆ, ವಿಜಿ. ಹಸಿರಾಗಲಿಲ್ಲ. ಅವತ್ತು ಫೋನಿನಾಗ ನೀ ಅಳಾಕತ್ತಿದ್ದಿ. ನಂಗ ತಡ್ಕೊಳ್ಳಾಕ ಆಗಲಿಲ್ಲ."

"ಅಳೋದು ನನ್ನ ಹಕ್ಕು! ಅತ್ತು, ಮಾರಿ ತೊಕ್ಕೊಂಡು, ಮತ್ತ ಕೆಲಸಕ್ಕ ಕೂಡತಿದ್ದೆ. ಹುಲ್ಲು ಹಚ್ಚಿದ್ರ ಮಾದರಿ ಮಳಿ ಜಾಸ್ತಿ ಸುರಿಸತದ ಅನ್ನೋದು ನಿಮಗ ಗೊತ್ತಿಲ್ಲೇನು? ಪ್ರಶ್ನಿಯೊಳಗ ಉತ್ತರ ತುರುಕಿ, ಪಾಸಾದಿ ಅಂತ ಪೇಡಾ ತಿನಿಸಿದ್ರಿ!"

ಪೇಡಾ ಅವನು ಕಲ್ಯಾಣದ ಕೋಟೆಯ ಬಾಗಿಲಲ್ಲಿ ತನ್ನ ಕೈಯಿಂದಲೇ ತಿನಿಸಿದ್ದ. ಆ ಬೆರಳು ತುಟಿಗೆ ತಾಗಿದ್ದನ್ನು ನೆನೆದು ಅವಳು ಎಷ್ಟು ದಿನ ನಿದ್ದೆಗೆಟ್ಟಿದ್ದಳು! ಈಗ ನೆನಪಾಗಿ ಮೈಯೆಲ್ಲ ಉರಿಯಿತು.

"ಮೂರು ವರ್ಷದಿಂದ ನಿನ್ನ ಪ್ರೀತಿ ಮಾಡಾಕತ್ತೇನಿ. ಹೇಳಾಕ ಧೈರ್ಯ ಆಗಲಿಲ್ಲ. ಅದಕ್ಕ..."

"ಈಗ ಹೇಳಬ್ಯಾಡ್ರಿ!"

ಕೇಳಬೇಕೆಂದು ಹಂಬಲಿಸಿದ್ದ ಮಾತು ಇಂಥ ಹೊತ್ತಿನಲ್ಲೇ ಬರಬೇಕೇ? ಅಳು ಬಂದರೆ ಇವನು ಮತ್ತೇನು ಹಚ್ಚುತ್ತಾನೋ ಎಂದು ಅದನ್ನು ನುಂಗಿದಳು.

"ಆ ನಾಲ್ಕೂ ಫೈಲ್ ಎಲ್ಲಿ?"

ಅವನು ತಲೆತಗ್ಗಿಸಿಯೇ ತೆರೆದ. ಮರಳಿನ ದಕ್ಷಿಣದ ಅಂಚಿನಲ್ಲಿ ಒಂದು ತೆಳು ಹಸಿರು ಪಟ್ಟಿ, ಅಷ್ಟೇ. ಮೇಲೆಲ್ಲ ಬೋಳು.

"ಇಷ್ಟ ಬೆಳೀತು. ಸೋತಂಗ ಅಲ್ಲೇನು?"

ವಿಜಯಶ್ರೀ ಪರದೆಗೆ ಮುಖ ತಂದು ನೋಡಿದಳು. ನಾಲ್ಕರಲ್ಲೂ ಪಟ್ಟಿ ಅಲ್ಲೇ ಇತ್ತು.

"ಹುಚ್ಚಾ! ಇದು ತಾನಾಗಿ ಬೆಳೆದದ್ದು! ಯಾರೂ ಹಚ್ಚಿಲ್ಲ. ನಮ್ಮ ಮಾದರಿ ತನಗ ಎಲ್ಲೀತನ ಮಳಿ ತರಾಕ ಬರತದ, ಎಲ್ಲಿಂದ ಬರೂದಿಲ್ಲ ಅಂತ ಖರೇ ಹೇಳಾಕತ್ತದ. ಇದನ್ನ ಮುಚ್ಚಿಟ್ಟು ನಂಗ ಸುಳ್ಳು ಕೊಟ್ಟಿಯಲ್ಲೋ!"

ಅಂಬರೀಷ ಗೈಡ್‌ಗೆ ಮೇಲ್ ಬರೆಯತೊಡಗಿದ: ಹುಲ್ಲು ಹಚ್ಚಿದವನು ನಾನು, ವಿಜಯಶ್ರೀಗೆ ಗೊತ್ತಿರಲಿಲ್ಲ. ಕಳಿಸುವ ಮುನ್ನ ಬೆರಳು ಒಮ್ಮೆ ನಿಂತಿತು. ಕೆಲಸ ಹೋಗಬಹುದು. ಆದರೂ ಒತ್ತಿದ.

ಅವಳೂ ತನ್ನ ಫೋನಿನಿಂದ ಬರೆದಳು: ಸೋಮವಾರ ಸಲ್ಲಿಸುವುದಿಲ್ಲ, ಆ ಅಧ್ಯಾಯವನ್ನು ಹೊಸದಾಗಿ ಬರೆಯುತ್ತೇನೆ. ಅಲ್ಲಿಗೆ ಅವಳದೊಂದು ವರ್ಷ ಕೈಬಿಟ್ಟಂತೆಯೇ. ಕಳಿಸಿದ ಮೇಲೆ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು.

"ಸಿಟ್ಟು ಇಳೀತೇನು?" ಅವನು ಮೆಲ್ಲಗೆ ಕೇಳಿದ.

"ಇಲ್ಲ."

"ಮತ್ತ ಕುಂತೀದಿ?"

"ಇದು ಜಲ್ದಿ ಇಳಿಯೋ ಸಿಟ್ಟಲ್ಲ. ಮೂವತ್ತು ನಲವತ್ತು ವರ್ಷ ಆದ್ರೂ ಬೇಕು. ನಿಮ್ಮವ್ವಗ ಕರಿ, ನಾನ ಮಾತಾಡತೇನಿ."