ಬಗ್ಗಿಯ ಮೂರನೇ ಬಿರುಕು

ಒಂದೇ ಒಂದು ತೂತನ್ನೂ ಬಿಡದೆ ಮುಚ್ಚಿಬಿಟ್ಟಿದ್ದಳು ಮಾನಸ. ಮುಂದಿನ ಎರಡು ದೊಡ್ಡವು, ನಡುವಿನದೊಂದು, ತಳದ ಸಣ್ಣಪುಟ್ಟವು, ಎಲ್ಲಾ ಮಾಯ. ಫೈಬರ್ ಮ್ಯಾಟು ಹಾಸಿ, ರೆಸಿನ್ ಅಂಟು ಬಳಿದು, ಒಣಗಿದ ಮೇಲೆ ನುಣ್ಣಗೆ ಉಜ್ಜಿ, ಗೇಣುದ್ದ ನೀರು ನಿಲ್ಲಿಸಿ ನೋಡಿದ್ದಳು. ತೊಟ್ಟು ನೀರೂ ಜಿನುಗಿರಲಿಲ್ಲ.

ಅದರ ಒಡೆಯ ದಿಲೀಪ್ ಬಂದವನು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ. ಮತ್ತೊಂದು ಹಾಕಿದ. ಆಮೇಲೆ ಬಾಗಿ ತಳ ನೋಡಿದ.

"ತೂತೆಲ್ಲಿ?"

"ಯಾವ ತೂತಣ್ಣ?"

"ಲೈಟ್ ಕೂರ್ಸೋ ತೂತು. ಸ್ಟೀರಿಂಗ್ ಬರೋ ತೂತು."

"ದೋಣಿಗೆ ಸ್ಟೀರಿಂಗ್ ಯಾಕೆ?"

"ದೋಣಿ ಅಂತ ಯಾರಂದ್ರು? ಇದು ಕಾರು ಕಣ್ರೀ."

ಮಾನಸ ತಿರುಗಿ ಅಪ್ಪನ ಮುಖ ನೋಡಿದಳು. ಕರಿಯಯ್ಯ ಸೂರಿನ ಕಡೆ ನೋಡಿದ. ಕಿರಂಗೂರಿನ ಅವರ ಶೆಡ್ಡಿಗೆ ಬರುವ ಫೈಬರ್ ಸಾಮಾನೆಲ್ಲ ಹೊಳೆಗೆ ಇಳಿಯುವಂಥದ್ದೇ. ಸಂಗಮದಲ್ಲಿ ಜನರನ್ನು ಕೂರಿಸಿಕೊಂಡು ಸುತ್ತುವ ದುಂಡನೆಯ ತೆಪ್ಪಗಳನ್ನು ಅಪ್ಪ ಮೊದಲು ಬಿದಿರಲ್ಲಿ ಹೆಣೆಯುತ್ತಿದ್ದ, ಈಗ ಮಗಳು ಫೈಬರಿನಲ್ಲಿ ಮಾಡುತ್ತಾಳೆ. ದಿಲೀಪ್ ಆವತ್ತು ಅವಸರದಲ್ಲಿ ಟ್ರಾಕ್ಟರಿನಿಂದ ಇಳಿಸಿ, "ತೂತು ಬಿರುಕು ಎಲ್ಲಾ ಮುಚ್ಚಿಡಿ" ಅಂದು ಹೋಗಿದ್ದ. ಬಾಗಿಲಿಲ್ಲ, ಮೇಲೆ ಟಾಪಿಲ್ಲ, ಚಕ್ರವಿಲ್ಲ. ಅಂಥದ್ದನ್ನು ಕಾರು ಅಂತ ಯಾರು ತಾನೇ ತಿಳಿದಾರು? ಅಪ್ಪ ದೋಣಿ ಅಂದ, ಮಗಳು ನಂಬಿದಳು.

ದಿಲೀಪ್ ರೇಗುತ್ತಾನೆ ಅಂದುಕೊಂಡಳು. ಅವನು ಒಳಗೆ ಹತ್ತಿ ಕೂತು, ಇಲ್ಲದ ಸ್ಟೀರಿಂಗ್ ಹಿಡಿದು, "ಬೆಂಗಳೂರು ರೋಡಲ್ಲಿ ಮಳೆ ಬಂದು ನೀರು ನಿಂತಾಗ ಅನುಕೂಲ ಆಗ್ತದೆ ಬುಡಿ" ಅಂದ. ಮಾನಸಳಿಗೆ ನಗು ತಡೆಯಲಾಗಲಿಲ್ಲ. ಮೂಗಿಗೆ ಕಟ್ಟಿಕೊಂಡಿದ್ದ ದುಪಟ್ಟಾದ ಹಿಂದೆ ನಕ್ಕಳು. ಅವನಿಗೆ ಕಂಡದ್ದು ಅವಳ ಕಣ್ಣು ಮಾತ್ರ. ಅಷ್ಟೇ ಸಾಕಾಯಿತು ಅಂತ ಆಮೇಲೆ ಯಾವತ್ತೋ ಹೇಳಿದ.

"ತಪ್ಪು ನಮ್ದು. ಮನೆಗೇ ಬಂದು ಮತ್ತೆ ಕೊರ್ದು ಕೊಡ್ತೀನಿ" ಅಂದಳು ಮಾನಸ.

ಹಾಗೆ ಶುರುವಾಯಿತು ಭಾನುವಾರಗಳ ಕಥೆ.

ಪಾಂಡವಪುರದ ಆಚೆ ದಿಲೀಪನ ಮನೆ. ವಾರವೆಲ್ಲ ಟ್ರಾಕ್ಟರ್ ಶೋರೂಮಿನಲ್ಲಿ ಸರ್ವಿಸ್ ನೋಡಿಕೊಳ್ಳುವ ಅವನು ಭಾನುವಾರ ಗ್ಯಾರೇಜು ಸೇರುತ್ತಿದ್ದ. ಗ್ಯಾರೇಜು ಅಂದರೆ ಕೊಟ್ಟಿಗೆಯ ಅರ್ಧ ಭಾಗ. ನಡುವೆ ಒಂದು ಟಾರ್ಪಾಲು, ಆ ಕಡೆ ಮೂರು ಸೀಮೆಹಸು, ಈ ಕಡೆ ಬಗ್ಗಿ. ಮರಳಿನ ಮೇಲೆ ಓಡಿಸಲಿಕ್ಕೆಂದೇ ಮಾಡಿದ ಗಾಡಿ ಅದು. ದೊಡ್ಡಪ್ಪ ಜವರಯ್ಯ ಮೈಸೂರಿನ ಸಾಹುಕಾರರೊಬ್ಬರ ಬಳಿ ಡ್ರೈವರಾಗಿದ್ದ. ಅವರು ಊರು ಬಿಟ್ಟಾಗ ಪ್ರೀತಿಯಿಂದ ಅದನ್ನು ಅವನಿಗೇ ಕೊಟ್ಟು ಹೋಗಿದ್ದರು. ದೊಡ್ಡಪ್ಪ ಬೇಸಗೆಯಲ್ಲಿ ಹೊಳೆಯ ಮರಳಲ್ಲಿ ಅದನ್ನು ಓಡಿಸಿ ಮಕ್ಕಳನ್ನೆಲ್ಲ ಕಿರುಚಿಸುತ್ತಿದ್ದ. ಇಂಜಿನ್ ಸತ್ತ ಮೇಲೆ ಮನೆಯವರು ಮೈಯನ್ನು ಕಳಚಿ ದನಗಳಿಗೆ ತೊಟ್ಟಿ ಮಾಡಿಕೊಂಡರು.

ದನಗಳು ಅದನ್ನು ಮರೆತಿರಲಿಲ್ಲ. ಮಾನಸ ಲೈಟಿನ ತೂತು ಕೊರೆಯುತ್ತಿದ್ದರೆ ಟಾರ್ಪಾಲು ಸರಿಸಿ ಒಂದು ಹಸು ಮೂತಿ ತೂರಿಸುತ್ತಿತ್ತು.

"ಹಿಂಡಿ ಬಿದ್ದೀತು ಅಂತ ಕಾಯ್ತಾವ್ಳೆ" ಅನ್ನುತ್ತಿದ್ದಳು ದಿಲೀಪನ ತಾಯಿ ಪುಟ್ಟತಾಯಮ್ಮ. "ನಂಗೂ ಇದು ತೊಟ್ಟಿನೇ ಕನವ್ವ. ಇವ್ನು ಕಾರು ಅಂತಾನೆ. ಆಗ್ಲಿ, ಮಜ್ಜಿಗೆ ಕುಡಿ ಬಾ."

ಮಜ್ಜಿಗೆ ಕುಡಿಯಲು ಮಾನಸ ದುಪಟ್ಟಾ ಬಿಚ್ಚಿದ ಮೊದಲ ದಿನ ದಿಲೀಪನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಅವನ ಕಾಲಿನ ಮೇಲೆಯೇ ಬಿತ್ತು.

"ನೋವಾಯ್ತಾ?"

"ಇಲ್ಲ ಇಲ್ಲ. ಇದು ಹಗೂರದ ಸ್ಪ್ಯಾನರು."

ಅವನು ಕುಂಟಿಕೊಂಡು ಆಚೆ ಹೋದ. ಮಾನಸ ಲೋಟದೊಳಗೇ ನಕ್ಕಳು.

ಕೆಲಸ ಕಲಿಯುತ್ತೇನೆ ಅಂತ ಅವನು ಪಕ್ಕದಲ್ಲೇ ಕೂರುತ್ತಿದ್ದ. ರೆಸಿನ್‌ಗೆ ಹಾರ್ಡನರ್ ಬೆರೆಸಿ ಬಳಿದ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಬೆಚ್ಚಗಾಗಿ ಗಟ್ಟಿಯಾಗುತ್ತದೆ. ಹದ ಬಂತೋ ಇಲ್ಲವೋ ಅಂತ ಮಾನಸ ಅಂಗೈ ಇಟ್ಟು ನೋಡುತ್ತಿದ್ದಳು.

"ನೀವೂ ಇಟ್ಟು ನೋಡಿ."

ಅವನು ಅವಳ ಕೈಯ ಪಕ್ಕದಲ್ಲಿ ಕೈ ಇಟ್ಟ. ಕಿರುಬೆರಳಿಗೆ ಕಿರುಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಬೆಚ್ಚಗಾಯ್ತಾ?" ಅವಳು ಬಗ್ಗಿಯನ್ನೇ ನೋಡುತ್ತಾ ಕೇಳಿದಳು.

"ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು" ಅಂದ ಅವನು, ಅವಳನ್ನು ನೋಡುತ್ತಾ.

ಶೆಡ್ಡಿಗೆ ಬರುವ ಗಂಡಸರನ್ನೆಲ್ಲ ಮಾನಸ ಅಣ್ಣ ಅನ್ನುವವಳು. ನಮ್ಮ ಕಡೆ ಅದೊಂದು ಒಳ್ಳೆಯ ಬೇಲಿ. ಒಮ್ಮೆ ಹಾಕಿಬಿಟ್ಟರೆ ಇಬ್ಬರಿಗೂ ನಿಶ್ಚಿಂತೆ. ದಿಲೀಪನಿಗೂ ಮೊದಲ ದಿನ ಹಾಕಿದ್ದಳು. ಬರುಬರುತ್ತಾ ಅದು ಎಲ್ಲಿ ಬಿದ್ದುಹೋಯಿತೋ, ಅವಳೂ ಹುಡುಕಲಿಲ್ಲ. 'ರೀ' ಅಂತಲೂ ಅಲ್ಲ, ಹೆಸರು ಹಿಡಿದೂ ಅಲ್ಲ, "ಇಲ್ನೋಡಿ", "ಅದ್ ಕೊಡಿ" ಅಂತ ನಡೆಯುತ್ತಿತ್ತು. ಅವನು ಅದನ್ನು ಗಮನಿಸಿದ್ದಾನೆ ಅನ್ನುವುದು ಅವಳಿಗೆ ಗೊತ್ತಿತ್ತು.

ಬಗ್ಗಿ ಮೈದುಂಬಿಕೊಂಡಿತು. ಕೊಯಮತ್ತೂರಿನಿಂದ ತಂದ ಹಳೇ ಬೀಟಲ್ ಕಾರಿನ ಇಂಜಿನ್ ಹಿಂಬದಿಯಲ್ಲಿ ಕೂತಿತು. ನಾಗಮಂಗಲದ ಲೇತಿನವನು ಎಲ್ಲೂ ಸಿಗದ ಬುಷ್ ಬಳೆಗಳನ್ನು ಕಡೆದುಕೊಟ್ಟ, ಕೆ.ಆರ್.ಪೇಟೆಯಲ್ಲಿ ಸೀಟು ಹೊಲಿಸಿ ಆಯಿತು. ಮಾನಸಳ ಕೆಲಸ ಮುಗಿಯುತ್ತಾ ಬಂತು. ಕೆಲಸ ಮುಗಿದರೆ ಭಾನುವಾರವೂ ಮುಗಿದಂತೆ. ಅವಳು ಕೇಳುವವಳಲ್ಲ, ಅವನು ಹೇಳುವವನಲ್ಲ. ಕೊನೆಯ ದಿನ ಡಬ್ಬ ಬ್ರಷ್ಷು ಜೋಡಿಸಿಕೊಂಡು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಅಳು ಬಂದಂತಾಯಿತು.

ನಾಲ್ಕು ದಿನಕ್ಕೆ ಫೋನು ಬಂತು. "ಬಿರುಕು ಬಿಟ್ಟದೆ. ನೀವು ಮುಚ್ಚಿದ್ರಲ್ಲ, ಅದರ ಪಕ್ಕದಲ್ಲೇ."

ಆ ಕ್ಷಣ ಅವಳಿಗಾದದ್ದು ಸಂತೋಷವೇ, ಸುಳ್ಳೇಕೆ. ಹೋಗಿ ನೋಡಿದರೆ ಅವನು ಆಗಲೇ ಆ ಜಾಗ ಉಜ್ಜಿಟ್ಟಿದ್ದ. ಮತ್ತೆ ಮ್ಯಾಟು ಹಾಕಿ ಬಂದಳು. ಮುಂದಿನ ವಾರ ಇನ್ನೊಂದು ಬಿರುಕು, ಈ ಸಲ ಹಿಂಬದಿಯಲ್ಲಿ, ಅದೂ ಅವಳ ಕೈ ಬಿದ್ದ ಜಾಗದ ಮಗ್ಗುಲಿಗೇ. ಆಗ ಅವಳು ಹೆದರಿದಳು.

ಯಾಕೆಂದರೆ ಅದೇ ಡ್ರಮ್ಮಿನ ರೆಸಿನ್‌ನಲ್ಲಿ ಅವಳು ಎರಡು ಹೊಸ ತೆಪ್ಪ ಮಾಡಿದ್ದಳು. ಸಂಗಮದ ಚಿಕ್ಕಸ್ವಾಮಿಗೆ ಕೊಡಬೇಕಾದವು. ಗಾಡಿ ಬಿರುಕು ಬಿಟ್ಟರೆ ನಿಲ್ಲಿಸಿ ಇಳಿಯಬಹುದು, ನಡುಹೊಳೆಯಲ್ಲಿ ತೆಪ್ಪ ಬಿರುಕು ಬಿಟ್ಟರೆ? ಅದರಲ್ಲಿ ಮಕ್ಕಳು ಕೂರುತ್ತಾರೆ. ಅವಳು ತೆಪ್ಪ ತಡವಿದಳು, ತಟ್ಟಿದಳು, ಅಂಚಿನಲ್ಲಿ ಮಿಕ್ಕಿದ್ದ ತುಂಡು ಕತ್ತರಿಸಿ ಮುರಿದು ನೋಡಿದಳು. ತಪ್ಪು ಸಿಗಲಿಲ್ಲ. ಸಿಗದ ತಪ್ಪೇ ಹೆಚ್ಚು ಹೆದರಿಸುವುದು. ಕೊನೆಗೆ ತಾನೇ ಚಿಕ್ಕಸ್ವಾಮಿಗೆ ಫೋನು ಮಾಡಿ, "ನನ್ ಕೆಲ್ಸ ಯಾಕೋ ಬಿರುಕು ಬಿಡ್ತಾ ಅದೆ. ತೆಪ್ಪ ಈಗ ತಗೊಂಡೋಗ್ಬೇಡಿ, ನೀರಲ್ಲಿರೋ ಹಳೇವನ್ನೂ ಒಂದ್ಸಲ ನೋಡ್ಕೊಳಿ" ಅಂದಳು. ಸಂಗಮದಲ್ಲಿ ಮಾತು ನಿಲ್ಲುತ್ತದೆಯೇ? ಕರಿಯಯ್ಯನ ಮಗಳ ಕೈ ಕೆಟ್ಟಿತು ಅಂತ ದಡದ ಉದ್ದಕ್ಕೂ ಆಯಿತು. ಕರಿಯಯ್ಯ ಮೂಲೆಯ ಹಳೇ ಬಿದಿರು ಎಳೆದುಕೊಂಡು ಮತ್ತೆ ಸೀಳಲು ಕೂತ. ಅದನ್ನು ನೋಡಿ ಅವಳಿಗೆ ಇನ್ನೂ ಸಂಕಟವಾಯಿತು.

ಮೂರನೇ ಬಿರುಕಿನ ಸುದ್ದಿ ಬಂದಾಗ ಅವಳು ಭಾನುವಾರದವರೆಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಹೊರಟಳು. ಅವನು ಅಷ್ಟು ಬೇಗ ನಿರೀಕ್ಷಿಸಿರಲಿಲ್ಲ, ಹಿಂದಿನ ಎರಡು ಸಲದಂತೆ ಆ ಜಾಗವನ್ನು ಉಜ್ಜಿಟ್ಟಿರಲಿಲ್ಲ.

ಮಾನಸ ಕೂತು ನೋಡಿದಳು. ತಾನಾಗಿ ಬಿಟ್ಟ ಬಿರುಕು ಕೂದಲೆಳೆಯಷ್ಟು ಸಣ್ಣಗೆ ಒಂದೇ ಕಡೆ ಓಡುತ್ತದೆ. ಇದು ನಡುವಿನಿಂದ ಸುತ್ತಲೂ ಚೆದುರಿ ನಕ್ಷತ್ರವಾಗಿತ್ತು. ಒಳಗೆ ಕೈಹಾಕಿ ತಡವಿದಳು. ಸುತ್ತಿಗೆಯ ತಲೆಯಷ್ಟಗಲದ ತಗ್ಗು ಬೆರಳಿಗೆ ಸಿಕ್ಕಿತು.

ಅಷ್ಟರಲ್ಲಿ ಪುಟ್ಟತಾಯಮ್ಮ ಮಜ್ಜಿಗೆ ತಂದಳು. "ನಾನೂ ಯೋಳ್ದೆ ಕನವ್ವ. ಆ ಮಗ ಅಷ್ಟು ಚೆಂದಾಗ್ ಮಾಡ್ಕೊಟ್ಟವ್ಳೆ, ನೀನ್ಯಾಕ್ಲಾ ಬಡ್ದು ಒಡೀತೀಯ ಅಂತ. ಬಾಯೇ ಬುಡ್ನಿಲ್ಲ."

ಟಾರ್ಪಾಲಿನ ಪಕ್ಕ ನಿಂತಿದ್ದ ದಿಲೀಪ್ ನೆಲ ನೋಡಿದ. ಪುಟ್ಟತಾಯಮ್ಮ ಇಬ್ಬರ ಮುಖವನ್ನೂ ನೋಡಿ, ಲೋಟ ಅಲ್ಲೇ ಇಟ್ಟು ಒಳಗೆ ಹೋದಳು.

"ಮೂರೂ ನೀವೇನಾ?"

"ಹೂಂ."

"ಯಾಕೆ?"

"ಒಡೀದಿದ್ರೆ ನೀವು ಬತ್ತಿರ್ಲಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗಿಹೋಗುತ್ತಿದ್ದಳು. ಈಗಲೂ ಒಳಗೆಲ್ಲೋ ಕರಗಿತು, ಅದಕ್ಕೇ ಸಿಟ್ಟು ಇನ್ನೂ ಏರಿತು.

"ಕರೀಬೋದಿತ್ತಲ್ಲ."

"ಏನಂತ ಕರೀಲಿ?"

"ಅದನ್ನೂ ನಾನೇ ಯೋಳ್ಕೊಡ್ಬೇಕಾ?" ಅವಳು ಎದ್ದು ನಿಂತಳು. "ನನ್ ತೆಪ್ಪದಲ್ಲಿ ಮಕ್ಕಳು ಕೂತ್ಕೋತಾವೆ. ಇದು ಬಿರುಕು ಬಿಟ್ರೆ ಅದೂ ಬಿಡ್ತದೆ ಅಂತ ನಾನು ಅನ್ನ ಸೇರ್ದೆ ಕೂತಿದ್ದೀನಿ. ಮಾಡಿಟ್ಟಿರೋ ತೆಪ್ಪ ಕೊಟ್ಟಿಲ್ಲ. ನನ್ ಕೈ ಕೆಟ್ಟೋಯ್ತು ಅಂತ ನಾನೇ ಸಂಗಮಕ್ಕೆಲ್ಲ ಯೋಳ್ಕೊಂಡಿದ್ದೀನಿ."

ದಿಲೀಪ್ ತಲೆ ಎತ್ತಿದ. "ನಂಗೆ ಇದು ಗೊತ್ತಿರ್ಲಿಲ್ಲ."

"ಗೊತ್ತಾಯ್ತಲ್ಲ ಈಗ. ಮಿಕ್ಕಿದ್ದನ್ನ ಬೇರೆಯವ್ರ ಕೈಲಿ ಮಾಡಿಸ್ಕೊಳಿ, ದಿಲೀಪಣ್ಣ."

ಆ ಕೊನೆಯ ಪದವನ್ನು ಬೇಕೆಂದೇ ಒತ್ತಿ ಹೇಳಿದಳು. ಬೇಲಿ ಮತ್ತೆ ಎದ್ದು ನಿಂತಿತು. ಸುತ್ತಿಗೆಯ ಏಟು ಹೇಗಿರುತ್ತದೆಂದು ಅವನಿಗೂ ಆವತ್ತು ತಿಳಿಯಿತು. ಮಜ್ಜಿಗೆಯನ್ನು ಮುಟ್ಟದೆ ಅವಳು ಹೊರಟುಹೋದಳು.

ಎರಡು ದಿನ ಮಾನಸ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ತನ್ನ ಕೆಲಸದಲ್ಲಿ ತಪ್ಪಿಲ್ಲ ಅನ್ನುವ ನೆಮ್ಮದಿ ಒಂದು ಕಡೆ. ಅದನ್ನು ಸಂಗಮದವರಿಗೆ ಹೇಗೆ ಹೇಳುವುದು ಅನ್ನುವುದು ಇನ್ನೊಂದು ಕಡೆ. ಯಾರೋ ಬೇಕೆಂದೇ ಒಡೆದ ಅಂದರೆ ಯಾರು, ಯಾಕೆ ಅಂತ ಕೇಳುತ್ತಾರೆ. ಏನಂತ ಹೇಳುವುದು?

ಮೂರನೆಯ ದಿನ ಚಿಕ್ಕಸ್ವಾಮಿಯೇ ಲಗೇಜ್ ಆಟೋ ತಗೊಂಡು ಬಂದ. ಬಾಯಿ ಕಿವಿಯವರೆಗೂ ಹರಡಿತ್ತು.

"ತೆಪ್ಪ ಎತ್ತಕ್ಕೆ ಬಂದೆ ಕನವ್ವ. ಎರಡ್ನೂ ಎತ್ತಿಸ್ಬುಡು."

"ನೋಡದೆ ಎಂಗಣ್ಣ ತಗೊಂಡೋಯ್ತೀರಾ? ನಾನೇ ಬ್ಯಾಡ ಅಂದಿದ್ದೆ."

"ಅಯ್ಯೋ, ಆ ಪಾಂಡವಪುರದೋನು ಬೆಳಿಗ್ಗೆ ಬಂದು ನಮ್ಮ ಅಷ್ಟೂ ಜನದ ನಡುವೆ ನಿಂತ್ಕೊಂಡ. ಆಯಮ್ಮನ ಕೆಲ್ಸದಲ್ಲಿ ಒಂದು ಚೂರೂ ತಪ್ಪಿಲ್ಲ, ಒಡ್ದಿದ್ದು ನಾನು, ಸುತ್ತಿಗೇಲಿ ಅಂದ. ಯಾಕ್ಲಾ ಒಡ್ದೆ ಅಂದೋ. ಆಯಮ್ಮ ಬರ್ಲಿ ಅಂತ ಒಡ್ದೆ ಅಂದ."

ಮಾನಸ ಬ್ರಷ್ಷನ್ನು ಸುಮ್ಮನೆ ತಿರುಗಿಸುತ್ತಾ ನಿಂತಳು. ಕೆನ್ನೆ ಕಿವಿ ಎಲ್ಲ ಬಿಸಿಯಾಗಿದ್ದವು.

"ನಮ್ಮ ಹುಡುಗರು ಬುಟ್ಟಾರಾ? ಅಂಗಾದ್ರೆ ಆಯಮ್ಮ ಮಾಡಿರೋ ತೆಪ್ಪದಲ್ಲಿ ಕೂತ್ಕೊ ಅಂತ ಕೂರಿಸ್ಕೊಂಡು ನಡುಹೊಳೇಲಿ ಗಿರಗಿರ ತಿರುಗಿಸಿದ್ರು. ತಲೆ ಸುತ್ತಿ ದಡದ ಮೇಲೆ ಕುಕ್ಕರಿಸ್ದ. ಸುಧಾರಿಸ್ಕೊಂಡು ಎದ್ದವನು ಮತ್ತೆ ಅದ್ನೇ ಅಂದ, ಆಯಮ್ಮನ ಕೆಲ್ಸದಲ್ಲಿ ತಪ್ಪಿಲ್ಲ ಅಂತ."

ಮೂಲೆಯಲ್ಲಿ ಬಿದಿರು ಸೀಳುತ್ತಿದ್ದ ಕರಿಯಯ್ಯ ಕೈ ನಿಲ್ಲಿಸಿದ. "ನಿಯತ್ತಿನ ಮನ್ಸ" ಅಂದ. ಸ್ವಲ್ಪ ಯೋಚಿಸಿ, "ತಲೆ ಒಂಚೂರು ಕಮ್ಮಿ" ಅಂತ ಸೇರಿಸಿ ಮತ್ತೆ ಸೀಳತೊಡಗಿದ.

ತೆಪ್ಪಗಳು ಆಟೋ ಹತ್ತಿದವು. ಮಾನಸ ಆ ಮಧ್ಯಾಹ್ನ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಭಾನುವಾರ ಬೆಳಿಗ್ಗೆ ರಸ್ತೆಯ ಕಡೆಯಿಂದ ಪಟಪಟ ಸದ್ದು ಕೇಳಿತು. ಟ್ರಾಕ್ಟರ್ ಅಲ್ಲ, ಆಟೋ ಅಲ್ಲ. ಬೀದಿಯ ನಾಯಿಗಳೆಲ್ಲ ಹಿಂದೆ ಓಡಿಬಂದವು. ಹಳದಿ ಬಣ್ಣದ ಬಗ್ಗಿ ಶೆಡ್ಡಿನ ಮುಂದೆ ಬಂದು ನಿಂತಿತು. ಆಫ್ ಮಾಡಿದ ಮೇಲೂ ಇಂಜಿನ್ ಒಂದೆರಡು ಸಲ ಕೆಮ್ಮಿತು. ದಿಲೀಪ್ ಇಳಿಯದೆ ಸ್ಟೀರಿಂಗ್ ಹಿಡಿದೇ ಕೂತಿದ್ದ.

ಮಾನಸ ಹೊರಗೆ ಬಂದಳು. ಅವನನ್ನು ನೋಡಲಿಲ್ಲ. ಬಗ್ಗಿಯ ಸುತ್ತ ನಿಧಾನವಾಗಿ ನಡೆದಳು. ಮುಂದಿನ ಲೈಟಿನ ಬಳಿ ತಡವಿದಳು, ಹಿಂದೆ ಬಾಗಿ ನೋಡಿದಳು, ಮೂರನೇ ಬಿರುಕಿದ್ದ ಜಾಗದಲ್ಲಿ ಅಂಗೈ ಇಟ್ಟಳು. ಅಲ್ಲಿ ಮ್ಯಾಟು ಹಾಕಿದ್ದು ಅವನೇ. ಸೊಟ್ಟಗಿತ್ತು, ಆದರೆ ಗಟ್ಟಿಯಾಗಿತ್ತು.

"ಏನ್ ಒಡ್ದದೆ?" ಕೇಳಿದಳು.

"ಏನೂ ಒಡ್ದಿಲ್ಲ."

"ಮತ್ಯಾಕ್ ಬಂದ್ರಿ?"

"ಏನೂ ಒಡೀದೆ ಬರ್ಬೇಕಿತ್ತು. ಮೊದ್ಲಿಂದ್ಲೂ ಅಂಗೇ ಬರ್ಬೇಕಿತ್ತು." ಅವನು ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದ. "ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ಇದ್ನ ಯೋಳಕ್ಕಾಗ್ದೆ ಸುತ್ತಿಗೆ ತಗೊಂಡೆ. ಮುಂದಿನ್ವಾರ ಅವ್ವನ್ನ ಕರ್ಕೊಂಡು ಬಂದು ನಿಮ್ಮಪ್ಪನ್ನ ಕೇಳ್ತೀನಿ. ಅದಕ್ಮುಂಚೆ ನಿಮ್ಮನ್ನ ಕೇಳ್ಬೇಕು. ಬರ್ಲಾ?"

"ಊರೋರು ಮಾತಾಡ್ತಾರೆ."

"ಸಂಗಮದೋರು ಆಗ್ಲೇ ಮಾತಾಡಾಯ್ತು."

ಅವಳು ತುಟಿ ಕಚ್ಚಿ ನಗು ತಡೆದಳು. ದುಪಟ್ಟಾ ಇವತ್ತು ಮೂಗಿನ ಮೇಲಿರಲಿಲ್ಲ, ಎಲ್ಲವೂ ಅವನಿಗೆ ಕಾಣುತ್ತಿತ್ತು.

"ಆ ಸುತ್ತಿಗೆ ಎಲ್ಲಿ?"

ದಿಲೀಪ್ ಸೀಟಿನ ಅಡಿಯಿಂದ ತೆಗೆದು ಕೊಟ್ಟ. ಅವಳು ಅದರ ತೂಕ ನೋಡಿ, ಎದೆಗವಚಿಕೊಂಡು, ಶೆಡ್ಡಿನ ಕಡೆ ತಿರುಗಿದಳು.

"ಅಪ್ಪ, ಮುಂದಿನ ಭಾನುವಾರ ಎಲ್ಲಿಗೂ ಓಗ್ಬ್ಯಾಡ. ನೆಂಟರು ಬತ್ತಾವ್ರೆ."

"ಯಾರು, ಸುತ್ತಿಗೆಯೋನಾ?" ಒಳಗಿನಿಂದ ಕರಿಯಯ್ಯನ ದನಿ ಬಂತು.

"ಸುತ್ತಿಗೆ ನಾನೇ ಇಸ್ಕೊಂಡಿದ್ದೀನಿ" ಅಂದಳು ಮಾನಸ. ಆಮೇಲೆ ಬಗ್ಗಿಯನ್ನು ಹತ್ತಿ, ಅವನ ಪಕ್ಕದ ಸೀಟಿನಲ್ಲಿ ಕೂತು, ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. "ನಡೀರಿ ದಿಲೀಪ್, ಹೊಳೆಗಂಟ ಒಂದ್ ಸುತ್ತು ಓಗ್ಬರಾಣ."