ಇಪ್ಪತ್ತು ಚೀಲ ಮಣ್ಣು

ನಕ್ಷೆಗಾರನಿಗೆ ಮಣ್ಣೆಂದರೆ ಹೇಸಿಗೆ. ಏಳುನೂರು ಕಿಲೋಮೀಟರ್ ಎತ್ತರದಿಂದ ಹೊಲವನ್ನು ಓದಬಲ್ಲವನು ಅದರೊಳಗೆ ಕಾಲಿಡುವುದು, ಅವನ ಮಟ್ಟಿಗೆ, ಅಕ್ಷರ ಬಾರದವನು ಪತ್ರವನ್ನು ಮೂಸಿ ನೋಡಿದ ಹಾಗೆ. ಉಪಗ್ರಹದ ಚಿತ್ರದಲ್ಲಿ ಉಪ್ಪೇರಿದ ನೆಲ ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪನ್ನು ಅಳೆದು, ಕಾಲುವೆಯ ಕೆಳಗಿನ ಜಮೀನಿಗೆಲ್ಲ ಅವನು ಹದಿನೇಳು ವರ್ಷ ಕೂತಲ್ಲಿಂದಲೇ ಬಣ್ಣ ಹಚ್ಚಿದ್ದ.

ಈಗ ವಿಭಾಗದ ಮುಖ್ಯಸ್ಥನ ಸ್ಥಾನ ತೆರವಾಗುವ ಹೊತ್ತಿಗೆ ಸರಿಯಾಗಿ, ನಿರ್ದೇಶಕರು ಅವನ ನಕ್ಷೆಯ ಪಕ್ಕದಲ್ಲಿ ಇನ್ನೊಂದನ್ನು ಹಾಸಿದ್ದರು. ಅದು ಅವನ ನಾದಿನಿ, ಹೆಂಡತಿಯ ತಂಗಿ, ಮಾಡಿದ್ದು. ಶಿಫಾರಸು ಮಾಡಿ ಅವಳನ್ನು ಕಚೇರಿಗೆ ಸೇರಿಸಿದವನೇ ಅವನು. ಅವನು ಉಪ್ಪು ಎಂದ ಹೊಲಗಳನ್ನು ಅವಳು ಒಳ್ಳೆಯ ಮಣ್ಣೆಂದಿದ್ದಳು. ಅವನು ನೆಮ್ಮದಿಯಾಗಿ ಹಸಿರು ಬಳಿದಲ್ಲಿ ಉಪ್ಪು ಕಂಡಿದ್ದಳು.

"ಭಾವ, ಅದು ಉಪ್ಪಲ್ಲ, ಸುಣ್ಣಕಲ್ಲಿನ ಪುಡಿ. ಮೇಲಿಂದ ನೋಡಿದ್ರೆ ಎರಡೂ ಬೆಳ್ಳಗೇ ಕಾಣುತ್ತೆ. ಒಂದ್ಸಲ ಬಂದು ನೋಡಬಾರ್ದಾ?"

"ನೀನು ಅಗೀತಾ ಇರಮ್ಮ. ನನಗೆ ಓದೋಕೆ ಬರುತ್ತೆ."

ಮನೆಯಲ್ಲಿ ಹೆಂಡತಿ ಬಡಿಸುತ್ತಲೇ ಚುಚ್ಚಿದಳು: "ಅವಳ ಕಾಲಿಗೆ ಮಣ್ಣು ಮೆತ್ಕೊಂಡಿದೆ, ನಿಮಗೆ ಕುರ್ಚಿ ಮೆತ್ಕೊಂಡಿದೆ. ಇಬ್ರೂ ಸರಿಯಾಗಿದ್ದೀರ."

ಅವನು ಸಾರಿನ ಪಾತ್ರೆಗೆ ಕೈ ಚಾಚಿದ. ಈ ಅಕ್ಕತಂಗಿಯರ ಮನೆತನದಲ್ಲಿ ಬುದ್ಧಿಗಿಂತ ಬಾಯಿ ಮೊದಲು ಹುಟ್ಟುತ್ತದೆ.

ನಿರ್ದೇಶಕರದು ಸರಳ ತೀರ್ಮಾನ. ನಾದಿನಿ ಹೊಲಗಳಿಂದ ಇಪ್ಪತ್ತು ಬಟ್ಟೆಚೀಲಗಳಲ್ಲಿ ಮಣ್ಣು ತಂದಿದ್ದಳು: ಹತ್ತು ಅವಳ ಪ್ರಕಾರ ಉಪ್ಪಿನವು, ಹತ್ತು ಒಳ್ಳೆಯವು. ಸೋಮವಾರ ಪ್ರಯೋಗಾಲಯದಲ್ಲಿ ಪರೀಕ್ಷೆ. ಯಾರ ನಕ್ಷೆ ತಾಳೆಯಾಗುತ್ತದೋ ಅವರಿಗೆ ಮುಖ್ಯಸ್ಥನ ಕೋಣೆ. ಅಲ್ಲಿಯವರೆಗೆ ಚೀಲಗಳು ಉಗ್ರಾಣದಲ್ಲಿ. ಬೀಗದ ಕೈಯನ್ನು ಅವನೇ ಕೇಳಿ, ಜವಾಬ್ದಾರಿ ತನ್ನದೆಂದು ಬರೆದುಕೊಟ್ಟು ಪಡೆದ. ಬೀಗದ ಮೇಲೆ ತನ್ನ ಸಹಿಯ ಚೀಟಿ ಅಂಟಿಸಿದ. ಬೇರೆ ಯಾರೋ ಒಳಹೊಕ್ಕರೆಂದು ಅವಳು ನಾಳೆ ಗೋಳಾಡಬಾರದಲ್ಲ.

"ಮನೆಯವರೇ ಕಾದ್ರೆ ಇನ್ನೇನು ಬೇಕು!" ಎಂದು ನಿರ್ದೇಶಕರು ನಕ್ಕರು. ಸಂಬಂಧವೆಂದರೆ ಭದ್ರತೆ ಎಂದು ನಂಬಿದ ಮನುಷ್ಯ. ಇಂಥವರು ನಿರ್ದೇಶಕರಾಗುವ ಲೋಕದಲ್ಲಿ ಕಳ್ಳತನಕ್ಕೆ ಪ್ರತಿಭೆಯೇ ಬೇಕಿಲ್ಲ.

ಆದರೂ ಅವನು ಪ್ರತಿಭೆಯನ್ನು ಧಾರಾಳವಾಗಿ ಖರ್ಚು ಮಾಡಿದ. ಪ್ರತಿ ಚೀಲಕ್ಕೂ ನೂಲಿನಿಂದ ಕಟ್ಟಿದ ಒಂದು ರಟ್ಟಿನ ಚೀಟಿ, ಅದರ ಮೇಲೆ ಅವಳ ಕೈಬರಹದಲ್ಲಿ ಹೊಲದ ಸಂಖ್ಯೆ. ಉಪ್ಪಿನ ಹತ್ತು ಚೀಟಿಗಳು ಒಳ್ಳೆಯ ಮಣ್ಣಿಗೆ, ಒಳ್ಳೆಯವು ಉಪ್ಪಿಗೆ: ಅಷ್ಟೇ ಕೆಲಸ. ಒಂದು ಅಕ್ಷರವನ್ನೂ ತಿದ್ದಬೇಕಿಲ್ಲ. ಅವಳ ಬರಹವೇ ಅವಳ ವಿರುದ್ಧ ಸಾಕ್ಷಿ ನುಡಿಯುತ್ತದೆ. ಅವಳ ಗಂಟಿನ ಫೋಟೊ ತೆಗೆದುಕೊಂಡು, ಎರಡು ದಿನ ಷೂ ಲೇಸಿನಲ್ಲಿ ಅಭ್ಯಾಸ ಮಾಡಿದ. ಶನಿವಾರ ಎಲ್ಲರೂ ಊಟಕ್ಕೆ ಎದ್ದಾಗ ಕೈಗವಸು ತೊಟ್ಟು ಒಳಹೊಕ್ಕ. ಅದು ಬೆರಳಚ್ಚಿನ ಭಯಕ್ಕಲ್ಲ, ಧೂಳಿನ ಅಸಹ್ಯಕ್ಕೆ. ಮೂವತ್ತು ನಿಮಿಷ, ಇಪ್ಪತ್ತು ಗಂಟು. ಹೊರಬಂದು ಬೀಗಕ್ಕೆ ಹೊಸ ಚೀಟಿ ಅಂಟಿಸಿದ. ತನ್ನ ಸಹಿಯನ್ನು ತಾನೇ ಮತ್ತೊಮ್ಮೆ ಹಾಕಲು ಯಾರ ಹಂಗು?

ಭಾನುವಾರವೆಲ್ಲ ಅವನು ಕರುಣೆಯ ಮಾತುಗಳನ್ನು ಪೋಣಿಸಿದ. ಬಿಸಿಲಲ್ಲಿ ಎಲ್ಲೋ ಅದಲುಬದಲಾಗಿರಬೇಕಮ್ಮ, ಯಾರಿಗಾದ್ರೂ ಆಗುತ್ತೆ. ಕನ್ನಡಿಯ ಮುಂದೆ ಆ ಕರುಣೆ ಅವನಿಗೆ ಚೆನ್ನಾಗಿಯೇ ಒಪ್ಪಿತು.

ಸೋಮವಾರ ಬೆಳಿಗ್ಗೆ ನಿರ್ದೇಶಕರು ಬೀಗದ ಮೇಲಿನ ಸಹಿಯನ್ನು ನೋಡಿ, "ನಿಮ್ಮನ್ನ ಬಿಟ್ಟು ಯಾರೂ ಒಳಗೆ ಹೋಗಿಲ್ಲ ತಾನೆ?" ಎಂದರು. "ಇರುವೆ ಕೂಡ ಹೋಗಿಲ್ಲ ಸಾರ್," ಎಂದ ನಕ್ಷೆಗಾರ, ನಾದಿನಿಯತ್ತ ಮೃದುವಾಗಿ ನೋಡುತ್ತ. ಪ್ರಯೋಗಾಲಯದ ಸಹಾಯಕಿ ಮೊದಲ ಚೀಲವನ್ನು ತಟ್ಟೆಗೆ ಸುರಿದಳು. ಹೆಂಟೆಗಳ ನಡುವಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಟ್ಟ ಕಾಗದವೊಂದು ಜಾರಿಬಿತ್ತು. ಅವಳು ಅದನ್ನು ಓದಿ, ಹೊರಗಿನ ರಟ್ಟನ್ನು ತಿರುಗಿಸಿ ನೋಡಿ, "ಹೊರಗೆ ಏಳು ಅಂತಿದೆ ಸಾರ್, ಒಳಗೆ ಹದಿನಾರು," ಎಂದಳು. ಎರಡನೆಯದನ್ನು ಸುರಿದಳು, ಅಲ್ಲೂ ಒಂದು ಕಾಗದ, ಅಲ್ಲೂ ಬೇರೆಯೇ ಸಂಖ್ಯೆ. ನಿರ್ದೇಶಕರ ಕಣ್ಣು ನಿಧಾನವಾಗಿ ಬೀಗದ ಕೈ ಹಿಡಿದಿದ್ದ ಕೈಯತ್ತ ಹೊರಳಿತು. "ಒಳಗೆ ಯಾಕೆ ಚೀಟಿ?" ನಕ್ಷೆಗಾರನ ಬಾಯಿಂದ ತಾನಾಗಿ ಬಂತು. ಸಹಾಯಕಿ, ಹದಿನೇಳು ವರ್ಷದ ಅನುಭವಿ ಇದನ್ನು ಕೇಳಬಹುದೇ ಎಂಬ ಬೆರಗಿನಲ್ಲಿ ಅವನನ್ನೇ ನೋಡಿದಳು: "ಹೊರಗಿಂದು ಕಿತ್ತೋದ್ರೆ ಅಂತ ಒಳಗೂ ಒಂದು ಹಾಕ್ತಾರಲ್ಲ ಸಾರ್. ಒಂದ್ಸಲ ಮಣ್ಣು ತುಂಬಿದವರಿಗೆಲ್ಲ ಗೊತ್ತು."